ಹಲ್ಲಿನ ಕ್ಯಾಪ್‌ಗಳ ವಿಧಗಳು ಮತ್ತು ಅವುಗಳಿಗೆ ಬಳಸುವ ವಸ್ತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಪ್ ಮತ್ತು ಕ್ರೌನ್ ಬೇರೆ ಬೇರೆಯೇ?

ಇಲ್ಲ, ದಂತವೈದ್ಯರು ಕ್ರೌನ್ ಎಂದು ಕರೆಯುವುದನ್ನೇ ಹೆಚ್ಚಿನ ಜನರು ಕ್ಯಾಪ್ ಎನ್ನುತ್ತಾರೆ. ವಸಡಿನಿಂದ ಹೊರಗೆ ಕಾಣುವ ಹಲ್ಲಿನ ಭಾಗವನ್ನು ಸುತ್ತಲೂ ತೇಯ್ದು ಸ್ವಲ್ಪ ಚಿಕ್ಕದಾಗಿಸಿ, ಅದರ ಮೇಲೆ ಹಲ್ಲಿನದೇ ಆಕಾರದ ಒಂದು ಕವಚವನ್ನು ಸಿಮೆಂಟ್‌ನಿಂದ ಅಂಟಿಸುತ್ತಾರೆ. ಫಿಲ್ಲಿಂಗ್ ಹಲ್ಲಿನ ಒಳಗಿನ ಕುಳಿಯನ್ನು ತುಂಬುತ್ತದೆಯೇ ಹೊರತು ಹಲ್ಲಿನ ಗೋಡೆಗಳನ್ನು ಕಟ್ಟಿಹಾಕುವುದಿಲ್ಲ. ಕ್ಯಾಪ್ ಆ ಕೆಲಸ ಮಾಡುತ್ತದೆ. ಬಂಡಿಯ ಮರದ ಗಾಲಿಗೆ ಬಿಗಿದ ಕಬ್ಬಿಣದ ಪಟ್ಟಿಯು ಮರದ ತುಂಡುಗಳು ಬಿಚ್ಚಿಕೊಳ್ಳದಂತೆ ಹಿಡಿಯುವ ಹಾಗೆ, ಕ್ಯಾಪ್ ಹಲ್ಲಿನ ದುರ್ಬಲವಾದ ಗೋಡೆಗಳನ್ನು ಹೊರಗಿನಿಂದ ಅಪ್ಪಿ ಹಿಡಿಯುತ್ತದೆ.

ಯಾವ ಸಂದರ್ಭಗಳಲ್ಲಿ ಕ್ಯಾಪ್ ಬೇಕಾಗುತ್ತದೆ?

ಹುಳುಕಿನಿಂದ ಹಲ್ಲಿನ ಬಹುಭಾಗ ಹೋಗಿ ಫಿಲ್ಲಿಂಗ್ ನಿಲ್ಲದಂತಾದಾಗ, ಹಲ್ಲು ಬಿರುಕು ಬಿಟ್ಟಾಗ, ತೀವ್ರವಾಗಿ ಸವೆದಾಗ, ದವಡೆ ಮೂಳೆಯಲ್ಲಿ ಕೂರಿಸಿದ ಕೃತಕ ಬೇರಾದ ಇಂಪ್ಲಾಂಟ್‌ನ ಮೇಲೆ ಹೊಸ ಹಲ್ಲು ಕೂರಿಸುವಾಗ ಅಥವಾ ಕಳೆದುಹೋದ ಹಲ್ಲಿನ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳ ಆಧಾರದಿಂದ ಬ್ರಿಡ್ಜ್ ಕಟ್ಟುವಾಗ ಕ್ಯಾಪ್ ಬೇಕಾಗುತ್ತದೆ. ರೂಟ್ ಕೆನಾಲ್ ಚಿಕಿತ್ಸೆಯಾದ ಎಲ್ಲ ಹಲ್ಲುಗಳಿಗೂ ಕ್ಯಾಪ್ ಕಡ್ಡಾಯ ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ದವಡೆ ಹಲ್ಲುಗಳ ಮೇಲೆ ಅಗಿಯುವ ಒತ್ತಡ ಹೆಚ್ಚಾಗಿ ಬೀಳುವುದರಿಂದ ಮತ್ತು ಅವುಗಳ ಉಬ್ಬುಗಳು ಆ ಒತ್ತಡಕ್ಕೆ ಸೀಳಿಕೊಳ್ಳುವ ಸಾಧ್ಯತೆಯಿರುವುದರಿಂದ, ಅಲ್ಲಿ ಉಬ್ಬುಗಳನ್ನು ಮುಚ್ಚುವ ಕ್ಯಾಪ್ ಅಥವಾ ಆನ್‌ಲೇ ಸಾಮಾನ್ಯವಾಗಿ ಅಗತ್ಯವಾಗುತ್ತದೆ. ಮುಂದಿನ ಬಾಚಿ ಹಲ್ಲಿನಲ್ಲಿ ಹಿಂಬದಿಯ ಒಂದು ಸಣ್ಣ ರಂಧ್ರ ಬಿಟ್ಟರೆ ಉಳಿದದ್ದೆಲ್ಲ ಗಟ್ಟಿಯಾಗಿದ್ದರೆ, ಆ ರಂಧ್ರವನ್ನು ಚೆನ್ನಾಗಿ ಮುಚ್ಚಿದರೆ ಸಾಕಾಗಬಹುದು. ಆರೋಗ್ಯವಾಗಿರುವ ಹಲ್ಲನ್ನು ಕೇವಲ ಅಂದಕ್ಕಾಗಿ ಸುತ್ತಲೂ ತೇಯಿಸಿಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕು. ಒಮ್ಮೆ ತೇಯ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಕ್ಯಾಪ್ ಯಾವಾಗಲೂ ಇಡೀ ಹಲ್ಲನ್ನು ಮುಚ್ಚಬೇಕೇ?

ಬೇಕಿಲ್ಲ. ಹಲ್ಲಿನ ಹೊರಮುಖ ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಟ್ಟು ಉಳಿದ ಭಾಗವನ್ನಷ್ಟೇ ಮುಚ್ಚುವ ಮುಕ್ಕಾಲು ಕ್ಯಾಪ್ ಇದೆ, ಅಗಿಯುವ ಮೇಲ್ಮೈಯನ್ನೂ ಉಬ್ಬುಗಳನ್ನೂ ಮಾತ್ರ ಮುಚ್ಚುವ ಆನ್‌ಲೇ ಇದೆ. ಹಲ್ಲಿಗೆ ಗಟ್ಟಿಯಾಗಿ ಬೆಸೆಯುವ ಅಂಟುಗಳು ಸುಧಾರಿಸಿದಂತೆ ಇಂತಹ ಭಾಗಶಃ ಕವಚಗಳ ಬಳಕೆ ಹೆಚ್ಚಿದೆ, ಮತ್ತು ಇದು ಒಳ್ಳೆಯ ಬೆಳವಣಿಗೆ.

ಕ್ಯಾಪ್‌ಗಳನ್ನು ಯಾವ ಯಾವ ವಸ್ತುಗಳಿಂದ ತಯಾರಿಸುತ್ತಾರೆ?

ಸ್ಥೂಲವಾಗಿ ಹೇಳುವುದಾದರೆ ಪೂರ್ತಿ ಲೋಹದ ಕ್ಯಾಪ್, ಲೋಹದ ಒಳಪದರದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪ್, ಲೋಹವೇ ಇಲ್ಲದ ಸೆರಾಮಿಕ್ ಕ್ಯಾಪ್ ಮತ್ತು ರಾಳದ, ಅಂದರೆ ಪ್ಲಾಸ್ಟಿಕ್‌ನಂತಹ ರೆಸಿನ್‌ನ, ಕ್ಯಾಪ್ ಎಂಬ ನಾಲ್ಕು ಗುಂಪುಗಳಿವೆ. ಸೆರಾಮಿಕ್ ಎಂಬ ಒಂದೇ ಮಾತಿನ ಅಡಿಯಲ್ಲಿ ಗುಣದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಯಾದ ವಸ್ತುಗಳು ಬರುತ್ತವೆ. ಕೆಲವರು ಲೋಹದ ಮೇಲೆ ಪಿಂಗಾಣಿ ಇರುವ ಕ್ಯಾಪನ್ನೂ ಸೆರಾಮಿಕ್ ಕ್ಯಾಪ್ ಎಂದೇ ಕರೆಯುವುದುಂಟು. ಆದ್ದರಿಂದ ‘ಸೆರಾಮಿಕ್ ಹಾಕುತ್ತೇವೆ’ ಎಂಬ ಉತ್ತರ ಸಿಕ್ಕಾಗ, ಒಳಗೆ ಲೋಹ ಇದೆಯೇ, ಇಲ್ಲದಿದ್ದರೆ ಯಾವ ಸೆರಾಮಿಕ್ ಎಂದು ಮುಂದುವರಿದು ಕೇಳುವುದು ನಿಮ್ಮ ಹಕ್ಕು.

ಚಿನ್ನದ ಕ್ಯಾಪ್ ಈಗಲೂ ಹಾಕುತ್ತಾರೆಯೇ?

ಹಾಕುತ್ತಾರೆ, ಆದರೆ ಮೊದಲಿಗಿಂತ ಬಹಳ ಕಡಿಮೆ. ಶುದ್ಧ ಚಿನ್ನ ಅಗಿಯುವ ಕೆಲಸಕ್ಕೆ ತೀರಾ ಮೃದು. ಹಾಗಾಗಿ ಪಲ್ಲೇಡಿಯಂ, ಪ್ಲಾಟಿನಂ, ಬೆಳ್ಳಿ, ತಾಮ್ರ ಮುಂತಾದವುಗಳನ್ನು ಬೆರೆಸಿದ ಮಿಶ್ರಲೋಹವನ್ನು ಬಳಸುತ್ತಾರೆ. ಚಿನ್ನ, ಪ್ಲಾಟಿನಂ ಗುಂಪಿನಂತಹ ಉತ್ತಮ ಲೋಹಗಳು ತೂಕದಲ್ಲಿ ಕನಿಷ್ಠ ಶೇಕಡಾ 60ರಷ್ಟಿದ್ದು, ಚಿನ್ನವೇ ಕನಿಷ್ಠ ಶೇಕಡಾ 40ರಷ್ಟಿದ್ದರೆ ಅದನ್ನು ಅತ್ಯುತ್ತಮ ದರ್ಜೆಯ ಮಿಶ್ರಲೋಹವೆಂದೂ, ಉತ್ತಮ ಲೋಹಗಳು ಶೇಕಡಾ 25ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಲೋಹವೆಂದೂ ವರ್ಗೀಕರಿಸುವುದು ರೂಢಿ. ನಿಕೆಲ್–ಕ್ರೋಮಿಯಂ ಮತ್ತು ಕೋಬಾಲ್ಟ್–ಕ್ರೋಮಿಯಂ ಈ ಸಾಮಾನ್ಯ ಲೋಹಗಳ ಗುಂಪಿಗೆ ಸೇರುತ್ತವೆ.

ಚಿನ್ನದ ಮಿಶ್ರಲೋಹದ ಗುಣಗಳನ್ನು ಬಣ್ಣವೊಂದನ್ನು ಬದಿಗಿಟ್ಟು ನೋಡಿದರೆ, ಅದಕ್ಕೆ ಸಮನಾದ ವಸ್ತು ಇಂದಿಗೂ ಅಪರೂಪ. ಅದು ಒಡೆಯುವುದಿಲ್ಲ, ಎದುರಿನ ಹಲ್ಲನ್ನು ಹೆಚ್ಚು ಸವೆಸುವುದಿಲ್ಲ, ತೆಳುವಾಗಿದ್ದರೂ ಗಟ್ಟಿಯಾಗಿರುವುದರಿಂದ ಹಲ್ಲನ್ನು ಕಡಿಮೆ ತೇಯ್ದರೆ ಸಾಕಾಗುತ್ತದೆ, ಮತ್ತು ಅದರ ಅಂಚನ್ನು ಹಲ್ಲಿಗೆ ಬಹಳ ನಿಖರವಾಗಿ ಹೊಂದಿಸಬಹುದು. ಬಾಯಿ ತೆರೆದರೂ ಕಾಣದ ಹಿಂದಿನ ದವಡೆ ಹಲ್ಲಿಗೆ ಲೋಹದ ಬಣ್ಣ ಅಡ್ಡಿಯಾಗದವರಿಗೆ ಇದು ಈಗಲೂ ಗೌರವದ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪ್ ಹೇಗಿರುತ್ತದೆ?

ಒಳಗೆ ಸುಮಾರು 0.3ರಿಂದ 0.5 ಮಿಲಿಮೀಟರ್ ದಪ್ಪದ ಲೋಹದ ಟೋಪಿ, ಅದರ ಕಪ್ಪು ಬಣ್ಣವನ್ನು ಮರೆಮಾಡುವ ಒಂದು ಅಪಾರದರ್ಶಕ ಲೇಪ, ಅದರ ಮೇಲೆ ಪದರ ಪದರವಾಗಿ ಹಚ್ಚಿ ಕುಲುಮೆಯಲ್ಲಿ ಸುಟ್ಟ ಪಿಂಗಾಣಿ, ಹೀಗೆ ಇದರ ರಚನೆ. ಬಿಸಿಯಾದಾಗ ಲೋಹವೂ ಪಿಂಗಾಣಿಯೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಆದ್ದರಿಂದ ಕುಲುಮೆಯಿಂದ ತೆಗೆದು ತಣಿಯುವಾಗ ಪಿಂಗಾಣಿ ಬಿರುಕು ಬಿಡುವುದು ಮೊದಲ ತೊಡಕಾಗಿತ್ತು. ಎರಡರ ಹಿಗ್ಗುವಿಕೆಯನ್ನು ಒಂದಕ್ಕೊಂದು ಹೊಂದುವಂತೆ ಮಾಡಿದ ಪಿಂಗಾಣಿ ಮತ್ತು ಮಿಶ್ರಲೋಹಗಳಿಗೆ 1962ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತ ಮೇಲೆ ಈ ಕ್ಯಾಪ್ ಜಗತ್ತಿನಾದ್ಯಂತ ಹರಡಿ, ಹಲವು ದಶಕಗಳ ಕಾಲ ದಂತವೈದ್ಯರ ಮೊದಲ ಆಯ್ಕೆಯಾಗಿ ಉಳಿಯಿತು.

ಇದರ ಬಲ ಲೋಹದಿಂದ ಬರುತ್ತದೆ, ಅಂದ ಪಿಂಗಾಣಿಯಿಂದ ಬರುತ್ತದೆ. ಎರಡಕ್ಕೂ ಜಾಗ ಬೇಕಾದ್ದರಿಂದ ಅಗಿಯುವ ಮೇಲ್ಮೈಯಲ್ಲಿ ಹಲ್ಲನ್ನು 1.5ರಿಂದ 2 ಮಿಲಿಮೀಟರ್‌ವರೆಗೆ ತೇಯಬೇಕಾಗುತ್ತದೆ. ಪಿಂಗಾಣಿಯ ಚೂರು ಸಿಡಿದು ಒಳಗಿನ ಲೋಹ ಕಾಣಿಸಿಕೊಳ್ಳುವುದು ಇದರ ಪರಿಚಿತ ದೋಷ.

ಹಳೆಯ ಕ್ಯಾಪ್‌ನ ಬುಡದಲ್ಲಿ ಕಪ್ಪು ಗೆರೆ ಏಕೆ ಕಾಣುತ್ತದೆ?

ಅದು ಸಾಮಾನ್ಯವಾಗಿ ಪಿಂಗಾಣಿಯ ಒಳಗಿರುವ ಲೋಹದ ಅಂಚು. ಕ್ಯಾಪ್ ಹಾಕಿದಾಗ ವಸಡಿನ ಕೆಳಗೆ ಅಡಗಿದ್ದ ಅಂಚು, ವರ್ಷಗಳು ಕಳೆದು ವಸಡು ಹಿಂದೆ ಸರಿದಾಗ ಬೆಳಕಿಗೆ ಬರುತ್ತದೆ. ವಸಡು ತೆಳುವಾಗಿದ್ದವರಲ್ಲಿ ವಸಡು ಸರಿಯದೆಯೂ ಲೋಹದ ಛಾಯೆ ಬೂದು ಬಣ್ಣವಾಗಿ ಹೊರಗೆ ಕಾಣಬಹುದು. ಗೆರೆ ಕಂಡ ಮಾತ್ರಕ್ಕೆ ಹಲ್ಲು ಕೊಳೆತಿದೆ ಎಂದು ಹೆದರಬೇಕಿಲ್ಲ. ಆದರೆ ಅಂಚಿನ ಬಳಿ ಹುಳುಕು ಹಿಡಿದಾಗಲೂ ಕಪ್ಪಾಗುವುದರಿಂದ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಲೋಹವಿಲ್ಲದ ಪಿಂಗಾಣಿ ಕ್ಯಾಪ್ ಹೊಸ ಆವಿಷ್ಕಾರವೇ?

ಅಲ್ಲ. ಅಮೆರಿಕದ ಡೆಟ್ರಾಯಿಟ್‌ನ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ ಅವರು 19ನೆಯ ಶತಮಾನದ ಕೊನೆಯಲ್ಲೇ ಪ್ಲಾಟಿನಂನ ತೆಳು ಹಾಳೆಯನ್ನು ಅಚ್ಚಿನ ಮೇಲೆ ಸುತ್ತಿ, ಅದರ ಮೇಲೆ ಪಿಂಗಾಣಿ ಸುಟ್ಟು ಕ್ಯಾಪ್ ತಯಾರಿಸುವ ವಿಧಾನವನ್ನು ರೂಪಿಸಿದ್ದರು. ನೋಡಲು ಸುಂದರವಾಗಿದ್ದ ಆ ಕ್ಯಾಪ್‌ಗಳು ಬೇಗ ಒಡೆಯುತ್ತಿದ್ದವು. 1965ರಲ್ಲಿ ಬ್ರಿಟನ್ನಿನ ಮೆಕ್ಲೀನ್ ಮತ್ತು ಹ್ಯೂಸ್ ಅವರು ಪಿಂಗಾಣಿಗೆ ಅಲ್ಯುಮಿನಾ ಹರಳುಗಳನ್ನು ಬೆರೆಸಿ ಅದರ ಬಲವನ್ನು ಹೆಚ್ಚಿಸಿದರು. ಗಾಜಿನೊಳಗೆ ಹರಳುಗಳನ್ನು ಹುದುಗಿಸಿ ಬಿರುಕಿನ ದಾರಿಗೆ ಅಡ್ಡ ನಿಲ್ಲಿಸುವ ಈ ಯೋಚನೆಯೇ ಮುಂದಿನ ಗಾಜು–ಸೆರಾಮಿಕ್‌ಗಳಲ್ಲಿಯೂ ಬೇರೆ ರೂಪಗಳಲ್ಲಿ ಕೆಲಸ ಮಾಡುತ್ತಿದೆ.

ಲಿಥಿಯಂ ಡೈಸಿಲಿಕೇಟ್ ಎಂದರೇನು?

ಇದು ಗಾಜಿನ ನಡುವೆ ಸೂಜಿಯಾಕಾರದ ಸೂಕ್ಷ್ಮ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುವ ಗಾಜು–ಸೆರಾಮಿಕ್. ಈ ಹರಳುಗಳು ಬಿರುಕು ನೇರವಾಗಿ ಸಾಗದಂತೆ ತಡೆಯುತ್ತವೆ, ಮತ್ತು ಗಾಜು ಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದರಿಂದ ಕ್ಯಾಪ್ ಜೀವಂತ ಹಲ್ಲಿನಂತೆ ಕಾಣುತ್ತದೆ. ಯಂತ್ರದಲ್ಲಿ ಕೆತ್ತಲು ಬಳಸುವ ಬಗೆಯ ಇಟ್ಟಿಗೆಯನ್ನು ಮೊದಲ ಬಾರಿಗೆ ನೋಡಿದವರು ಇದು ಹಲ್ಲಾಗುವುದು ಹೇಗೆ ಎಂದು ಅಚ್ಚರಿಪಡುತ್ತಾರೆ. ಏಕೆಂದರೆ ಅದರ ಬಣ್ಣ ನೀಲಿ ಬೆರೆತ ನೇರಳೆ. ಆ ಹಂತದಲ್ಲಿ ಅದು ಪೂರ್ತಿ ಗಟ್ಟಿಯಾಗಿರದ ಕಾರಣ ಕೆತ್ತುವುದು ಸುಲಭ. ಕೆತ್ತಿ ಮುಗಿದ ನೇರಳೆ ಹಲ್ಲನ್ನು ಸುಮಾರು 840–850 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿಟ್ಟಾಗ ಒಳಗಿನ ಹರಳುಗಳು ಬೆಳೆದು, ನೇರಳೆ ಮಾಯವಾಗಿ, ಹಲ್ಲಿನ ಬಣ್ಣವೂ ಬಲವೂ ಒಟ್ಟಿಗೆ ಬರುತ್ತವೆ.

ಇದರಲ್ಲಿ ಗಾಜಿನ ಅಂಶ ಇರುವುದರಿಂದ ಕ್ಯಾಪ್‌ನ ಒಳಮೈಯನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಸೂಕ್ಷ್ಮವಾಗಿ ಒರಟಾಗಿಸಿ, ಗಾಜನ್ನೂ ರಾಳವನ್ನೂ ಬೆಸೆಯುವ ಸೈಲೇನ್ ಎಂಬ ದ್ರವವನ್ನು ಹಚ್ಚಿ, ರಾಳದ ಸಿಮೆಂಟ್‌ನಿಂದ ಹಲ್ಲಿಗೆ ಬೆಸೆಯಬಹುದು. ಹಲ್ಲು ಗಿಡ್ಡಗಿದ್ದು ಹಿಡಿತ ಕಡಿಮೆಯಿದ್ದಾಗ ಈ ಬೆಸುಗೆಯ ಬೆಲೆ ಗೊತ್ತಾಗುತ್ತದೆ. ಮುಂದಿನ ಹಲ್ಲುಗಳಿಗೆ ಮತ್ತು ಸಣ್ಣ ದವಡೆ ಹಲ್ಲುಗಳಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ಒಳಗಿನ ಹಲ್ಲು ತೀರಾ ಕಪ್ಪಾಗಿದ್ದರೆ ಅಥವಾ ಬೇರಿನೊಳಗೆ ಕೂರಿಸಿದ ಲೋಹದ ಕಡ್ಡಿ (ಪೋಸ್ಟ್) ಇದ್ದರೆ ಆ ಕಪ್ಪು ಇದರ ಮೂಲಕ ಇಣುಕಬಹುದು.

ಜಿರ್ಕೋನಿಯಾ ಲೋಹವೇ, ಸೆರಾಮಿಕ್ಕೇ?

ಜಿರ್ಕೋನಿಯಂ ಒಂದು ಲೋಹ, ಜರ್ಮನ್ ರಸಾಯನವಿಜ್ಞಾನಿ ಕ್ಲಾಪ್ರೋತ್ 1789ರಲ್ಲಿ ಗುರುತಿಸಿದ ಮೂಲವಸ್ತು. ಜಿರ್ಕೋನಿಯಾ ಎಂಬುದು ಅದರ ಆಕ್ಸೈಡ್, ಅಂದರೆ ಸೆರಾಮಿಕ್. ಹೆಸರಿನ ಹೋಲಿಕೆಯಿಂದ ಬಾಯಿಗೆ ಲೋಹ ಹಾಕುತ್ತಿದ್ದಾರೆ ಎಂದು ಭಾವಿಸುವ ಅಗತ್ಯವಿಲ್ಲ.

ಇದರ ಗಟ್ಟಿತನದ ಗುಟ್ಟು ತಿಳಿಯುವಂಥದ್ದು. ಜಿರ್ಕೋನಿಯಾದ ಹರಳುಗಳು ಶಾಖಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. ಕಾಯಿಸಿದಾಗ ಒತ್ತಾಗಿದ್ದ ಹರಳು ತಣಿದಾಗ ಬೇರೆ ರೂಪಕ್ಕೆ ತಿರುಗಿ ಉಬ್ಬುತ್ತದೆ, ಶುದ್ಧ ಜಿರ್ಕೋನಿಯಾ ಆ ಉಬ್ಬುವಿಕೆಯಿಂದಲೇ ಒಡೆದುಹೋಗುತ್ತದೆ. ಸ್ವಲ್ಪ ಯಿಟ್ರಿಯಾ (ಯಿಟ್ರಿಯಂ ಲೋಹದ ಆಕ್ಸೈಡ್) ಬೆರೆಸಿದರೆ ಆ ಒತ್ತಾದ ರೂಪವೇ ಸಾಮಾನ್ಯ ಉಷ್ಣತೆಯಲ್ಲೂ ಉಳಿದುಕೊಳ್ಳುತ್ತದೆ. ಮುಂದೆ ಎಲ್ಲಾದರೂ ಬಿರುಕು ಹುಟ್ಟಿದರೆ, ಅದರ ತುದಿಯಲ್ಲಿರುವ ಹರಳುಗಳು ಅಲ್ಲಿನ ಒತ್ತಡಕ್ಕೆ ರೂಪ ಬದಲಿಸಿ ಶೇಕಡಾ 4ರಷ್ಟು ಹಿಗ್ಗುತ್ತವೆ, ಹಾಗೆ ಹಿಗ್ಗಿ ಬಿರುಕನ್ನು ಎರಡೂ ಬದಿಯಿಂದ ಹಿಸುಕಿ ಅದರ ಓಟವನ್ನು ನಿಲ್ಲಿಸುತ್ತವೆ. ಈ ವರ್ತನೆಯನ್ನು ಆಸ್ಟ್ರೇಲಿಯಾದ ಸಂಶೋಧಕರು 1975ರಲ್ಲಿ ಪ್ರಕಟಿಸಿದ್ದರು.

ಲ್ಯಾಬ್‌ನಲ್ಲಿ ಜಿರ್ಕೋನಿಯಾ ಕ್ಯಾಪ್ ಅನ್ನು ಅರೆಬೆಂದ ಬಿಲ್ಲೆಯಿಂದ ಕೆತ್ತುತ್ತಾರೆ. ಆ ಹಂತದಲ್ಲಿ ಅದು ಸೀಮೆಸುಣ್ಣದಷ್ಟು ಮೃದು, ಮುಟ್ಟಿದರೆ ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ನಂತರ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದಾಗ ಅದು ಪ್ರತಿ ದಿಕ್ಕಿನಲ್ಲೂ ಸುಮಾರು ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ. ಈ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿ ಕ್ಯಾಪ್ ಅನ್ನು ದೊಡ್ಡದಾಗಿ ಕೆತ್ತಿರುತ್ತಾರೆ. ಒಂದು ಬಿಲ್ಲೆಗೂ ಇನ್ನೊಂದಕ್ಕೂ ಕುಗ್ಗುವ ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸವಿರುವುದರಿಂದ ತಯಾರಕರು ಅದರ ಲೆಕ್ಕವನ್ನು ನಮೂದಿಸಿರುತ್ತಾರೆ, ಅದರಲ್ಲಿ ತಪ್ಪಿದರೆ ಕ್ಯಾಪ್ ಹಲ್ಲಿಗೆ ಕೂರುವುದೇ ಇಲ್ಲ.

ಎಲ್ಲ ಜಿರ್ಕೋನಿಯಾವೂ ಒಂದೇ ಅಲ್ಲವೇ?

ಅಲ್ಲ, ಮತ್ತು ಈ ವಿಷಯ ರೋಗಿಗಳಿಗೆ ವಿರಳವಾಗಿ ತಿಳಿಯುತ್ತದೆ. ಯಿಟ್ರಿಯಾ ಕಡಿಮೆ ಇರುವ ಜಿರ್ಕೋನಿಯಾ ಅತ್ಯಂತ ಬಲಿಷ್ಠ, ಆದರೆ ಬೆಳಕನ್ನು ಹೆಚ್ಚು ಬಿಡದೆ ಸುಣ್ಣದಂತೆ ಬೆಳ್ಳಗೆ ಕಾಣುತ್ತದೆ. ಯಿಟ್ರಿಯಾ ಹೆಚ್ಚಿಸಿದಂತೆ ಅದು ಪಾರಭಾಸಕವಾಗಿ ಹಲ್ಲಿನ ಅಂದಕ್ಕೆ ಹತ್ತಿರವಾಗುತ್ತದೆ, ಆದರೆ ಮೇಲೆ ಹೇಳಿದ ಬಿರುಕು ಹಿಸುಕುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಹೀಗಾಗಿ ‘ಜಿರ್ಕೋನಿಯಾ ಒಡೆಯುವುದೇ ಇಲ್ಲ’ ಎಂಬ ಮಾತು ಮೊದಲ ಬಗೆಯ ಅನುಭವದಿಂದ ಹುಟ್ಟಿದ್ದು. ಅದನ್ನು ಎರಡನೆಯ ಬಗೆಗೆ ಹಾಗೆಯೇ ಅನ್ವಯಿಸಬಾರದು.

ಹಾಗಾದರೆ ಅತ್ಯಂತ ಬಲಿಷ್ಠವಾದುದೇ ಅತ್ಯುತ್ತಮವಲ್ಲವೇ?

ಬಾಗಿಸುವ ಒತ್ತಡವನ್ನು ತಡೆಯುವ ಶಕ್ತಿಯನ್ನು ಮೆಗಾಪ್ಯಾಸ್ಕಲ್‌ಗಳಲ್ಲಿ ಅಳೆದರೆ, ಸಾಂಪ್ರದಾಯಿಕ ಪಿಂಗಾಣಿ 60ರಿಂದ 100ರ ಆಸುಪಾಸಿನಲ್ಲಿ, ಲಿಥಿಯಂ ಡೈಸಿಲಿಕೇಟ್ 350ರಿಂದ 500ರ ನಡುವೆ, ಬಲಿಷ್ಠ ಜಿರ್ಕೋನಿಯಾ 900ರಿಂದ 1200ರ ನಡುವೆ ಬರುತ್ತವೆ. ಈ ಅಂಕಿಗಳನ್ನು ತೋರಿಸಿ ವಸ್ತುವನ್ನು ಮಾರುವುದು ಸುಲಭ. ಆದರೆ ಇವು ಪ್ರಯೋಗಾಲಯದಲ್ಲಿ ಸಣ್ಣ ಪಟ್ಟಿಗಳನ್ನು ಬಗ್ಗಿಸಿ ಪಡೆದ ಅಂಕಿಗಳು. ಬಾಯಿಯೊಳಗೆ ಕ್ಯಾಪ್ ಒಡೆದು ಸೋಲುವುದಕ್ಕಿಂತ, ಅದರ ಅಂಚಿನಲ್ಲಿ ಹುಳುಕು ಹಿಡಿದು, ಸಿಮೆಂಟ್ ತೊಳೆದುಹೋಗಿ ಅಥವಾ ಒಳಗಿನ ಹಲ್ಲೇ ಮುರಿದು ಸೋಲುವ ಪ್ರಸಂಗಗಳೂ ಸಾಕಷ್ಟಿವೆ. ಬಲಿಷ್ಠ ಕವಚ ಒಳಗಿನ ಟೊಳ್ಳಾದ ಹಲ್ಲಿಗೆ ಬಲ ಕೊಡುವುದಿಲ್ಲ. ವಸಡಿನ ಮೇಲೆ ಸುತ್ತಲೂ ಕನಿಷ್ಠ 1.5ರಿಂದ 2 ಮಿಲಿಮೀಟರ್ ಎತ್ತರದ ಸ್ವಂತ ಹಲ್ಲು ಉಳಿದಿದ್ದು ಕ್ಯಾಪ್ ಅದನ್ನು ಬಳೆಯಂತೆ ಸುತ್ತುವರಿದಿದ್ದರೆ, ಅದು ವಸ್ತುವಿನ ಅಂಕಿಗಿಂತ ಹೆಚ್ಚಿನ ಭರವಸೆ.

ಅಂಚಿನ ಮಾತನ್ನು ಇನ್ನೂ ಸ್ವಲ್ಪ ಒತ್ತಿ ಹೇಳಬೇಕು. ಕ್ಯಾಪ್ ಕೂರಿಸಿ ನೋಡುವಾಗ ದಂತವೈದ್ಯರು ಪ್ರೋಬ್‌ನ ಚೂಪು ತುದಿಯನ್ನು ಹಲ್ಲಿನಿಂದ ಕ್ಯಾಪ್‌ಗೂ, ಕ್ಯಾಪ್‌ನಿಂದ ಹಲ್ಲಿಗೂ ನಿಧಾನವಾಗಿ ಎಳೆಯುತ್ತಾರೆ. ತುದಿ ಎಲ್ಲೂ ಸಿಕ್ಕಿಕೊಳ್ಳದೆ ಜಾರಿದರೆ ಅಂಚು ಕೂಡಿದೆ ಎಂದರ್ಥ. ಮನೆಗೆ ಹೋದ ಮೇಲೆ ಫ್ಲಾಸ್ ದಾರ ಪ್ರತಿ ಬಾರಿಯೂ ಒಂದೇ ಕಡೆ ಸಿಕ್ಕಿ ಎಳೆ ಬಿಚ್ಚಿಕೊಳ್ಳುತ್ತಿದ್ದರೆ, ಅಲ್ಲಿ ಅಂಚು ಸರಿಯಿಲ್ಲದಿರಬಹುದು ಅಥವಾ ಸಿಮೆಂಟ್ ಉಳಿದಿರಬಹುದು. ಹಿಂಜರಿಯದೆ ಹೋಗಿ ತೋರಿಸಿ.

ಗಟ್ಟಿಯಾದ ಜಿರ್ಕೋನಿಯಾ ಎದುರಿನ ಹಲ್ಲನ್ನು ಸವೆಸುವುದಿಲ್ಲವೇ?

ಸವೆತವನ್ನು ನಿರ್ಧರಿಸುವುದು ಗಡಸುತನಕ್ಕಿಂತ ಹೆಚ್ಚಾಗಿ ಮೇಲ್ಮೈಯ ನುಣುಪು. ಕನ್ನಡಿಯಂತೆ ಪಾಲಿಶ್ ಮಾಡಿದ ಜಿರ್ಕೋನಿಯಾ ಎದುರಿನ ಎನಾಮಲ್‌ಗೆ ಹಳೆಯ ಬಗೆಯ ಪಿಂಗಾಣಿಗಿಂತ ಮೃದುವಾಗಿ ವರ್ತಿಸುತ್ತದೆ. ಆದರೆ ಕಚ್ಚುವಾಗ ಎತ್ತರವಾಗಿದೆ ಎಂದು ಕ್ಯಾಪ್‌ನ ಮೇಲ್ಮೈಯನ್ನು ತೇಯ್ದು, ಮತ್ತೆ ಪಾಲಿಶ್ ಮಾಡದೆ ಹಾಗೆಯೇ ಬಿಟ್ಟರೆ ಅದು ಮರಳು ಕಾಗದದಂತಾಗುತ್ತದೆ. ಆದ್ದರಿಂದ ಸರಿಪಡಿಸಿದ ನಂತರ ಪಾಲಿಶ್ ಆಯಿತೇ ಎಂದು ಕೇಳುವುದು ತಪ್ಪಲ್ಲ.

ಯಾವ ಹಲ್ಲಿಗೆ ಯಾವ ವಸ್ತು ಸೂಕ್ತ?

ನಗುವಾಗ ಕಾಣುವ ಹಲ್ಲುಗಳಿಗೆ ಲಿಥಿಯಂ ಡೈಸಿಲಿಕೇಟ್ ಅಥವಾ ಪಾರಭಾಸಕ ಜಿರ್ಕೋನಿಯಾ, ದವಡೆ ಹಲ್ಲುಗಳಿಗೆ ಬಲಿಷ್ಠ ಜಿರ್ಕೋನಿಯಾ, ಲೋಹದ ಮೇಲಿನ ಪಿಂಗಾಣಿ ಅಥವಾ ಪೂರ್ತಿ ಲೋಹ ಎಂಬುದು ಒಂದು ಒರಟು ದಾರಿಸೂಚಿ. ಕಚ್ಚುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಜಾಗ ಬಹಳ ಕಡಿಮೆಯಿದ್ದರೆ, 1 ಮಿಲಿಮೀಟರ್‌ಗಿಂತ ಹೆಚ್ಚು ದಪ್ಪ ಬೇಡದ ಲೋಹ ಅಥವಾ ಬಲಿಷ್ಠ ಜಿರ್ಕೋನಿಯಾ ಹಲ್ಲನ್ನು ಉಳಿಸುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದವರಿಗೆ ಪದರ ಹಚ್ಚಿದ ಪಿಂಗಾಣಿ ಸೂಕ್ತವಲ್ಲ, ಜೊತೆಗೆ ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ಕೂಡ ಬೇಕಾಗುತ್ತದೆ.

ಬಣ್ಣ ಹೊಂದಿಸುವುದು ಹೇಗೆ?

ಬಹಳ ಕಡೆ ಬಳಸುವ ಬಣ್ಣದ ಪಟ್ಟಿಯಲ್ಲಿ 16 ಛಾಯೆಗಳಿವೆ. ಎ ಗುಂಪು ಕೆಂಪು ಬೆರೆತ ಕಂದು, ಬಿ ಹಳದಿಯ ಕಡೆಗೆ, ಸಿ ಬೂದು, ಡಿ ಕೆಂಪು ಬೆರೆತ ಬೂದು. ಛಾಯೆಯನ್ನು ಚಿಕಿತ್ಸೆಯ ಆರಂಭದಲ್ಲೇ, ಹಲ್ಲು ಒದ್ದೆಯಾಗಿರುವಾಗ, ಹಗಲ ಬೆಳಕಿನಲ್ಲಿ ನೋಡಬೇಕು. ಬಾಯಿ ತೆರೆದು ಸ್ವಲ್ಪ ಹೊತ್ತು ಕುಳಿತರೆ ಹಲ್ಲು ಒಣಗಿ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆಗ ಆರಿಸಿದ ಬಣ್ಣದ ಕ್ಯಾಪ್ ಮರುದಿನ ಎದ್ದು ಕಾಣುತ್ತದೆ. ಗಾಢ ಬಣ್ಣದ ತುಟಿಬಣ್ಣವಿದ್ದರೆ ಒರೆಸಿಕೊಳ್ಳುವುದು ಒಳ್ಳೆಯದು. ಹಲ್ಲು ಬಿಳುಪಾಗಿಸುವ ಬ್ಲೀಚಿಂಗ್ ಕ್ಯಾಪ್‌ನ ಬಣ್ಣವನ್ನು ಬದಲಿಸುವುದಿಲ್ಲ. ಆ ಯೋಚನೆಯಿದ್ದರೆ ಅದನ್ನು ಮೊದಲು ಮುಗಿಸಿ, ಬಣ್ಣ ಸ್ಥಿರವಾಗಲು ಎರಡು ವಾರದಷ್ಟು ಕಾದು, ನಂತರ ಕ್ಯಾಪ್ ಮಾಡಿಸಬೇಕು.

ಒಂದೇ ದಿನದಲ್ಲಿ ಕ್ಯಾಪ್ ಹಾಕಿಸಿಕೊಳ್ಳಬಹುದೇ?

ಬಾಯಿಯೊಳಗೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ವಿನ್ಯಾಸಗೊಳಿಸಿ, ಪಕ್ಕದ ಯಂತ್ರದಲ್ಲೇ ಕೆತ್ತುವ ವ್ಯವಸ್ಥೆಯಿರುವ ಚಿಕಿತ್ಸಾಲಯಗಳಲ್ಲಿ ಸಾಧ್ಯ. ಈ ವಿಧಾನದಿಂದ ಮೊದಲ ರೋಗಿಗೆ ಚಿಕಿತ್ಸೆ ದೊರೆತದ್ದು 1985ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಲ್ಯಾಬ್‌ನಲ್ಲಿ ತಯಾರಾಗುವ ಕ್ಯಾಪ್‌ಗೆ ದಿನಗಳು ಬೇಕಾಗುತ್ತವೆ, ಅಲ್ಲಿಯವರೆಗೆ ಅಕ್ರಿಲಿಕ್ ಅಥವಾ ಕಾಂಪೋಸಿಟ್ ರಾಳದ ತಾತ್ಕಾಲಿಕ ಕ್ಯಾಪ್ ಇರುತ್ತದೆ. ಅದನ್ನು ಬೇಗ ಕಳಚುವ ಸಿಮೆಂಟ್‌ನಿಂದಲೇ ಅಂಟಿಸಿರುವುದರಿಂದ ಆ ಬದಿಯಲ್ಲಿ ಅಂಟು ತಿನಿಸುಗಳನ್ನು ಅಗಿಯಬಾರದು, ಫ್ಲಾಸ್ ದಾರವನ್ನು ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಜಾರಿಸಿ ತೆಗೆಯಬೇಕು.

ಮಕ್ಕಳ ಹಾಲುಹಲ್ಲಿಗೆ ಕ್ಯಾಪ್ ಅಗತ್ಯವೇ? ಹೇಗಿದ್ದರೂ ಬೀಳುವ ಹಲ್ಲಲ್ಲವೇ?

ಹಾಲುದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಿಯಲ್ಲಿರುತ್ತವೆ. ಮುಂದೆ ಬರುವ ಹಲ್ಲಿಗೆ ಜಾಗ ಕಾಯುವುದೂ ಅವೇ. ಹೆಚ್ಚು ಹುಳುಕಾದ ಹಾಲುದವಡೆ ಹಲ್ಲಿಗೆ ಸಿದ್ಧ ಗಾತ್ರಗಳಲ್ಲಿ ಸಿಗುವ ಸ್ಟೇನ್‌ಲೆಸ್ ಸ್ಟೀಲ್ ಕ್ಯಾಪ್ ಅನ್ನು 1950ರಿಂದ ಬಳಸುತ್ತ ಬಂದಿದ್ದಾರೆ, ಅದು ದೊಡ್ಡ ಫಿಲ್ಲಿಂಗ್‌ಗಿಂತ ಹೆಚ್ಚು ಬಾಳುತ್ತದೆ. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರ ಹೆಸರಿನ ವಿಧಾನದಲ್ಲಿ, ಹಲ್ಲಿನ ನರಕ್ಕೆ ಸೋಂಕು ತಗುಲಿಲ್ಲದಿದ್ದರೆ, ಚುಚ್ಚುಮದ್ದೂ ಇಲ್ಲದೆ, ಕೊರೆಯುವುದೂ ಇಲ್ಲದೆ, ಹುಳುಕನ್ನು ಕ್ಯಾಪ್‌ನೊಳಗೇ ಮುಚ್ಚಿಬಿಡುತ್ತಾರೆ. ಆಹಾರ ಸಿಗದ ಹುಳುಕು ಮುಂದುವರಿಯುವುದಿಲ್ಲ. ಮೊದಲ ಕೆಲವು ದಿನ ಕಚ್ಚುವಾಗ ಎತ್ತರವೆನಿಸಿದರೂ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ.

ಲೋಹದ ಕ್ಯಾಪ್‌ನಿಂದ ಅಲರ್ಜಿ ಆಗಬಹುದೇ?

ನಿಕೆಲ್‌ಗೆ ಅಲರ್ಜಿ ಇರುವವರಿದ್ದಾರೆ. ಅಗ್ಗದ ಕಿವಿಯೋಲೆ ಅಥವಾ ಗಡಿಯಾರದ ಪಟ್ಟಿಯಿಂದ ನಿಮಗೆ ತುರಿಕೆಯಾಗಿದ್ದರೆ ಅದನ್ನು ಮೊದಲೇ ತಿಳಿಸಿ. ನಿಕೆಲ್ ಇಲ್ಲದ ಮಿಶ್ರಲೋಹಗಳೂ ಲೋಹವಿಲ್ಲದ ಸೆರಾಮಿಕ್‌ಗಳೂ ಇರುವುದರಿಂದ ಇದು ಪರಿಹಾರವಿಲ್ಲದ ತೊಂದರೆಯಲ್ಲ. ಮಕ್ಕಳ ಸ್ಟೀಲ್ ಕ್ಯಾಪ್‌ಗಳಲ್ಲಿಯೂ ನಿಕೆಲ್ ಇರುತ್ತದೆ ಎಂಬುದನ್ನು ನೆನಪಿಡಿ.

ಕ್ಯಾಪ್ ಎಷ್ಟು ವರ್ಷ ಬಾಳುತ್ತದೆ?

ಚೆನ್ನಾಗಿ ತಯಾರಿಸಿ, ಚೆನ್ನಾಗಿ ನೋಡಿಕೊಂಡ ಕ್ಯಾಪ್ 10ರಿಂದ 15 ವರ್ಷ, ಎಷ್ಟೋ ಬಾರಿ ಅದಕ್ಕೂ ಹೆಚ್ಚು ಬಾಳುತ್ತದೆ. ಕ್ಯಾಪ್‌ಗೆ ಹುಳುಕು ಹಿಡಿಯುವುದಿಲ್ಲ, ಆದರೆ ಅದರ ಅಂಚಿನಾಚೆಯ ಹಲ್ಲಿಗೆ ಹಿಡಿಯುತ್ತದೆ. ಆದ್ದರಿಂದ ಬ್ರಷ್ ವಸಡಿನ ಗೆರೆಯನ್ನು ಮುಟ್ಟಬೇಕು, ಹಲ್ಲುಗಳ ನಡುವಿನ ಸಂದನ್ನು ಪ್ರತಿದಿನ ಶುಚಿಗೊಳಿಸಬೇಕು.

ಕ್ಯಾಪ್ ಕಳಚಿ ಬಂದರೆ ಏನು ಮಾಡಬೇಕು?

ಅದನ್ನು ಎಸೆಯಬೇಡಿ. ತೊಳೆದು ಒಂದು ಡಬ್ಬಿಯಲ್ಲಿಟ್ಟು ಬೇಗನೆ ದಂತವೈದ್ಯರ ಬಳಿ ಒಯ್ಯಿರಿ, ಒಳಗಿನ ಹಲ್ಲು ಗಟ್ಟಿಯಾಗಿದ್ದರೆ ಅದೇ ಕ್ಯಾಪ್ ಅನ್ನು ಮತ್ತೆ ಅಂಟಿಸಬಹುದು. ಮನೆಯಲ್ಲಿರುವ ಸೂಪರ್ ಗ್ಲೂ ಖಂಡಿತ ಬಳಸಬೇಡಿ. ರಾತ್ರಿ ಸಡಿಲವಾದ ಕ್ಯಾಪ್ ಅನ್ನು ಹಲ್ಲಿನ ಮೇಲೆ ಸುಮ್ಮನೆ ಇಟ್ಟುಕೊಂಡು ಮಲಗುವುದೂ ಅಪಾಯ, ಅದು ಶ್ವಾಸನಾಳಕ್ಕೆ ಜಾರಬಹುದು.

ಚಿಕಿತ್ಸೆ ಮುಗಿದ ಮೇಲೆ ಯಾವ ದಾಖಲೆ ಪಡೆಯಬೇಕು?

ಯಾವ ಹಲ್ಲಿಗೆ, ಯಾವ ವಸ್ತುವಿನ ಕ್ಯಾಪ್, ಯಾವ ಛಾಯೆ, ಯಾವ ದಿನಾಂಕ ಎಂಬುದನ್ನು ಬರೆಸಿಕೊಳ್ಳಿ. ಜೀವಂತ ಹಲ್ಲಿಗೆ ಹಾಕಿದ ಕ್ಯಾಪ್‌ನ ಒಳಗೆ ಮುಂದೊಂದು ದಿನ ನರಕ್ಕೆ ತೊಂದರೆಯಾಗಿ ರೂಟ್ ಕೆನಾಲ್ ಬೇಕಾದರೆ, ಕ್ಯಾಪ್‌ನ ಮೂಲಕವೇ ರಂಧ್ರ ಕೊರೆಯಬೇಕಾಗುತ್ತದೆ. ಆಗ ಎದುರಿಗಿರುವ ವೈದ್ಯರು ಬೇರೆಯವರೇ ಆಗಿರಬಹುದು. ಲೋಹಕ್ಕೆ ಕಾರ್ಬೈಡ್ ಬರ್ (ಕೊರೆಯುವ ತುದಿ) ಸಾಕು, ಜಿರ್ಕೋನಿಯಾಕ್ಕೆ ವಜ್ರದ ಬರ್ ಮತ್ತು ಧಾರಾಳ ನೀರು ಬೇಕು, ಗಾಜು–ಸೆರಾಮಿಕ್ ಆದರೆ ಬಿರುಕು ಬಿಡದಂತೆ ಇನ್ನೂ ಹಗುರ ಕೈ ಬೇಕು. ಒಳಗಿರುವುದು ಏನೆಂದು ಆ ಒಂದು ಚೀಟಿಯಿಂದ ಅವರಿಗೆ ಬರ್ ಕೈಗೆತ್ತಿಕೊಳ್ಳುವ ಮೊದಲೇ ತಿಳಿಯುತ್ತದೆ.